ಧಣಿಯ ಧ್ಯೇಯಕ್ಕೆ ಕೆಲಸದವರ ರಜೆ ಖರ್ಚಾಗದಿರಲಿ

ಮಾನ್ಯ ಸಂಪಾದಕರೇ,

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳು ಹೋಟೆಲ್ ಉದ್ಯಮಿಗಳನ್ನು ಸನ್ಮಾನಿಸುವಾಗ ಈಗೀಗ ‘ಮಾನವೀಯ ನಾಯಕತ್ವ’ ಎಂಬ ಮಾತು ಶಾಲು, ಹಾರದಷ್ಟೇ ಖಾಯಂ ಆಗಿಬಿಟ್ಟಿದೆ. ಮಾತು ಒಳ್ಳೆಯದೇ. ಆದರೆ ವೇದಿಕೆ ಇಳಿದು ಗಲ್ಲಾದಲ್ಲಿ ಕೂತ ಮೇಲೆ ಅದು ಏನಾಗುತ್ತದೆಂದು ಯಾರೂ ಲೆಕ್ಕ ಬಿಡಿಸಿ ಹೇಳುವುದಿಲ್ಲ. ಹೋಟೆಲುಗಳ ಲೆಕ್ಕಪತ್ರ ನೋಡುವ ಕೆಲಸ ನಮ್ಮದು. ಆ ಲೆಕ್ಕವನ್ನೇ ಇಲ್ಲಿ ಇಡುತ್ತಿದ್ದೇವೆ.

ಧಣಿಗೊಂದು ಧ್ಯೇಯ ಇರುತ್ತದೆ. ಬಡವನ ಊಟದ ದರ ಏರಿಸಬಾರದು, ಕಾಲೇಜು ಮಕ್ಕಳಿಗೆ ರಿಯಾಯಿತಿ ಕೊಡಬೇಕು, ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಕೈಲಾದದ್ದು ಕಳಿಸಬೇಕು. ತಪ್ಪೇನಿಲ್ಲ. ಪ್ರಶ್ನೆ ಇರುವುದು ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎಂಬಲ್ಲಿ.

ಉದಾಹರಣೆಗೆ ತಿಂಗಳಿಗೆ 18 ಲಕ್ಷ ರೂ. ವ್ಯಾಪಾರದ ಒಂದು ಉಡುಪಿ ಹೋಟೆಲು ಎನ್ನೋಣ. ಸಾಮಾನು ಶೇ. 34, ಕೆಲಸದವರ ಸಂಬಳ, ಊಟ, ಕೋಣೆ ಸೇರಿ ಶೇ. 27, ಬಾಡಿಗೆ, ಗ್ಯಾಸು, ಕರೆಂಟು ಇತ್ಯಾದಿ ಶೇ. 29. ಉಳಿಯುವುದು ಶೇ. 10, ಅಂದರೆ 1.80 ಲಕ್ಷ. ಎಣ್ಣೆ, ಬೇಳೆ ತುಟ್ಟಿಯಾದವು, ಧಣಿ ದರ ಏರಿಸಲಿಲ್ಲ, ಸಾಮಾನಿನ ಖರ್ಚು ಶೇ. 38ಕ್ಕೆ ಹೋಯಿತು. ತಿಂಗಳಿಗೆ 72,000 ರೂ. ತೂತು ಬಿತ್ತು. ಈ ತೂತು ಮುಚ್ಚುವ ರೀತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಕೆಲಸ ಬಿಟ್ಟುಹೋದ ಮೂವರ ಜಾಗಕ್ಕೆ ಹೊಸಬರು ಬರುವುದಿಲ್ಲ.

ಸರಿಯಾಗಿ ಮೂವರೇ ಏಕೆ ಎಂಬುದನ್ನೂ ನೋಡಬೇಕು. ದಿನಕ್ಕೆ 18 ಜನ ಬೇಕಾದ ಹೋಟೆಲಿಗೆ ವಾರಕ್ಕೆ 126 ಆಳು-ದಿನ ಬೇಕು. ವಾರದಲ್ಲಿ ಒಂದು ರಜೆ ಕೊಟ್ಟರೆ ಒಬ್ಬ ಆರು ದಿನ ಸಿಗುತ್ತಾನೆ. 126ನ್ನು 6ರಿಂದ ಭಾಗಿಸಿದರೆ 21. ಅಂದರೆ ಪಟ್ಟಿಯಲ್ಲಿ 18 ಹೆಸರು ಮಾತ್ರ ಇರುವ ಹೋಟೆಲಿನಲ್ಲಿ, ಧಣಿ ಎಷ್ಟೇ ಒಳ್ಳೆಯವರಿರಲಿ, ವಾರದ ರಜೆ ಎಂಬುದು ಗಣಿತದ ಪ್ರಕಾರವೇ ಇಲ್ಲ. ಒಬ್ಬ ಕೆಲಸದವನಿಗೆ ಊಟ, ಕೋಣೆ ಸೇರಿ ಸುಮಾರು 23,000 ರೂ. ಬೀಳುವುದಾದರೆ ಮೂವರಿಗೆ 69,000. 72,000ದ ತೂತಿಗೆ 69,000ದ ತೇಪೆ. ಗಿರಾಕಿಗೆ ಕೊಟ್ಟ ಅಗ್ಗದ ಊಟದ ಬೆಲೆಯನ್ನು ತೆತ್ತವನು ಧಣಿಯಲ್ಲ, ಏಳೂ ದಿನ ನಿಂತ ಸಪ್ಲೈಯರ್. ಸನ್ಮಾನ ಪತ್ರದಲ್ಲಿ ಮಾತ್ರ ಅವನ ಹೆಸರಿರುವುದಿಲ್ಲ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ, ತನ್ನ ವ್ಯಾಪ್ತಿಗೆ ಬರುವ ಹೋಟೆಲುಗಳಿಗೆ, ವಾರಕ್ಕೆ ಕನಿಷ್ಠ 24 ಗಂಟೆಯ ಸತತ ರಜೆಯನ್ನೂ, ಮಿತಿ ಮೀರಿದ ದುಡಿಮೆಗೆ ಇಮ್ಮಡಿ ಸಂಬಳವನ್ನೂ ಬರೆದಿಟ್ಟಿದೆ. ಅದು ಧಣಿಯ ಔದಾರ್ಯದ ವಿಷಯವೇ ಅಲ್ಲ.

ಹಾಗಾದರೆ ಧ್ಯೇಯ ಬಿಡಬೇಕೇ? ಬೇಡ. ಅದಕ್ಕೊಂದು ಖಾತೆ ತೆರೆಯಿರಿ. ಕಳೆದ ಮೂರು ತಿಂಗಳ ನಿವ್ವಳ ಲಾಭದಲ್ಲಿ ಇಷ್ಟು ಭಾಗ ಎಂದು ಮೊದಲೇ ನಿಗದಿ ಮಾಡಿ. ಶೇ. 10ರಿಂದ 15 ಎಂದರೆ ಸಾಕಷ್ಟಾಯಿತು. ಅದು ಲಾಭದ ಭಾಗವಾಗಿರಬೇಕು, ವ್ಯಾಪಾರದ್ದಲ್ಲ. ವ್ಯಾಪಾರ ಏರಿಯೂ ಲಾಭ ಇಳಿಯುವ ತಿಂಗಳುಗಳಿರುತ್ತವೆ. 150 ರೂ. ಬೀಳಬೇಕಾದ ರೈಸ್ ಪ್ಲೇಟನ್ನು 130ಕ್ಕೆ ಕೊಡುವುದಾದರೆ, ದಿನಕ್ಕೆ 60 ಪ್ಲೇಟಿನಂತೆ ತಿಂಗಳಿಗೆ 36,000 ರೂ. ಆ ಖಾತೆಗೆ ಬರೆಯಬೇಕು. ಖಾತೆ ಬರಿದಾದರೆ ಒಂದೋ ದರ ಏರಬೇಕು, ಇಲ್ಲವೇ ಪ್ಲೇಟಿನ ಸಂಖ್ಯೆಗೆ ಮಿತಿ ಬೀಳಬೇಕು. ಹೀಗೆ ಬರೆದು ನೋಡಿದ ಮೇಲೆ ದೇಣಿಗೆಯ ಚೀಟಿಗೆ ಸಹಿ ಹಾಕುವ ಕೈ ಸ್ವಲ್ಪ ನಿಧಾನವಾಗುತ್ತದೆ.

ಮೂವರು ಬದಲಿ ಆಳುಗಳನ್ನು ಇಟ್ಟರೂ ಎಡವುವ ಜಾಗ ಒಂದಿದೆ, ದೋಸೆ ಕಲ್ಲು. ಟೇಬಲ್ ಒರೆಸುವವನ ಬದಲಿಗೆ ಇನ್ನೊಬ್ಬ ಸಿಗುತ್ತಾನೆ, ಕಲ್ಲಿನ ಮುಂದೆ ನಿಲ್ಲುವವನಿಗೆ ಬದಲಿ ಸಿಗುವುದಿಲ್ಲ. ಅವನ ರಜೆಯೇ ಮೊದಲು ರದ್ದಾಗುವುದು, ಅವನೇ ಮೊದಲು ಬಿಟ್ಟು ಹೋಗುವುದು. ಎರಡನೆಯವನನ್ನು ತಯಾರು ಮಾಡಲು ಮಧ್ಯಾಹ್ನ 3ರಿಂದ 5ರ ಬಿಡುವೇ ಸರಿಯಾದ ಹೊತ್ತು. ಕಲಿಸುವವನಿಗೂ ಕಲಿಯುವವನಿಗೂ ಅದನ್ನು ದುಡಿಮೆಯ ಹೊತ್ತೆಂದೇ ಬರೆಯಬೇಕು, ಅವರ ವಿಶ್ರಾಂತಿಯಿಂದ ಕಡಿಯಬಾರದು. ದಿನಕ್ಕೆ 20 ದೋಸೆ, ಬೆಳಗಿನ ಉಳಿದ ಹಿಟ್ಟಿನಲ್ಲಿ. ಅವು ಸಂಜೆ ಕೆಲಸದವರ ತಿಂಡಿಗಾಗುತ್ತವೆ. ಮೂರು ವಾರದಲ್ಲಿ ಕೈ ಕೂರುತ್ತದೆ. ಹೊಸಬ ಕೆಡಿಸುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಕಲ್ಲು ವಿಪರೀತ ಕಾದಿದ್ದರೆ ಹಿಟ್ಟು ಹರಡದೆ ಸೌಟಿಗೇ ಎದ್ದು ಬರುತ್ತದೆ, ನೀರು ಚಿಮುಕಿಸಿ ಒರೆಸಿ ಕಾವು ಇಳಿಸಬೇಕು. ಕಾವು ಸಾಲದಿದ್ದರೆ ದೋಸೆ ಬಿಳಿಚಿಕೊಂಡು ಕಲ್ಲಿಗೆ ಹಿಡಿಯುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ಇದನ್ನು ಕಲಿಸಹೊರಟರೆ ಭಟ್ಟರು ನಾಲ್ಕನೇ ದೋಸೆಗೆ ಅವನನ್ನು ಪಕ್ಕಕ್ಕೆ ತಳ್ಳುತ್ತಾರೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ರಜೆಯ ದಿನವನ್ನೂ ನೋಡಿ ಇಡಬೇಕು. ಫೋರ್ಟ್‌ನಂಥ ಆಫೀಸು ಪ್ರದೇಶದಲ್ಲಿ ಭಾನುವಾರ ಬಾಗಿಲು ಹಾಕಿದರೆ ಬದಲಿ ಆಳಿನ ತಲೆನೋವೇ ಇಲ್ಲ. ಮಾಟುಂಗದಲ್ಲಿ ಭಾನುವಾರ ಬೆಳಿಗ್ಗೆ ಹೊರಗೆ ಸಾಲು ನಿಂತಿರುತ್ತದೆ, ಅಲ್ಲಿ ರಜೆ ವಾರದ ನಡುವೆಯೇ.

ಇನ್ನು ಮ್ಯಾನೇಜರ್ ವಿಷಯ. ವ್ಯಾಪಾರದ ಮೇಲೆ ಮಾತ್ರ ಬೋನಸ್ ಇಟ್ಟರೆ ಅವರು ರಜೆ ರದ್ದು ಮಾಡಿಯೇ ತೀರುತ್ತಾರೆ, ಅದು ಅವರ ಸ್ವಭಾವದ ದೋಷವಲ್ಲ. ಕೆಲವರು ಜಾಣತನ ಮಾಡಿ ವ್ಯಾಪಾರಕ್ಕೆ 70 ಅಂಕ, ಕೆಲಸದವರ ಯೋಗಕ್ಷೇಮಕ್ಕೆ 30 ಅಂಕ ಎಂದು ಹಂಚುತ್ತಾರೆ. ಇದೂ ಕೆಲಸ ಮಾಡುವುದಿಲ್ಲ, ಏಕೆಂದರೆ ವ್ಯಾಪಾರ ಚೆನ್ನಾಗಿ ಆದರೆ ಕಳೆದುಕೊಂಡ 30ನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಕ ಬೇಡ, ಬಾಗಿಲು ಇಡಿ: ತಿಂಗಳಲ್ಲಿ ಒಬ್ಬನ ವಾರದ ರಜೆ ಬಾಕಿ ಉಳಿದರೂ ಆ ತಿಂಗಳ ಬೋನಸ್ ತಡೆಹಿಡಿಯುವುದು, ರಜೆ ಕೊಟ್ಟ ಮೇಲೆ ಬಿಡುಗಡೆ ಮಾಡುವುದು. ಈ ನಿಯಮ ಧಣಿಯ ಮಗನಿಗೂ ಅನ್ವಯಿಸಬೇಕು. ಅಲ್ಲಿಯೇ ಹೆಚ್ಚಿನವರು ಜಾರುವುದು.

ಕೆಲಸದವರಿಗೂ ಧ್ಯೇಯ ಇರುತ್ತದೆ ಎಂಬುದನ್ನು ನಮ್ಮವರು ಮರೆಯಬಾರದು. ಹಗಲು ಟೇಬಲ್ ಒರೆಸಿ ಸಂಜೆ ಫೋರ್ಟ್‌ನ ಕನ್ನಡ ರಾತ್ರಿ ಶಾಲೆಗೆ ಓಡಿದ ಹುಡುಗರೇ ಇಲ್ಲಿ ಎಷ್ಟೋ ಮಂದಿ ಉದ್ಯಮಿಗಳು, ವಕೀಲರು ಆಗಿದ್ದಾರೆ. ಹಳೆಯ ಕಾಲವನ್ನು ಅತಿಯಾಗಿ ಹೊಗಳುವುದೂ ಬೇಡ. ಸಂಬಳ ಧಣಿಯ ಹತ್ತಿರವೇ ಜಮೆ ಇರುತ್ತಿತ್ತು, ಮಲಗುವುದು ಟೇಬಲ್ ಮೇಲೆ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಗೊಂಡು ಊರು ಹತ್ತಿರವಾಯಿತು, ಆದರೆ ಅಡುಗೆಮನೆಯಲ್ಲಿ ತುಳು, ಕನ್ನಡ ಕಡಿಮೆಯಾಗಿ ಹಿಂದಿ, ಒಡಿಯಾ, ನೇಪಾಳಿ ಕೇಳುತ್ತಿವೆ. ‘ನಮ್ಮ ಹುಡುಗ’ ಎಂಬ ಸಲುಗೆಯಿಂದ ತನ್ನಿಂದ ತಾನೇ ತಿಳಿಯುತ್ತಿದ್ದುದನ್ನು ಈಗ ಕೇಳಿ ತಿಳಿಯಬೇಕು. ಮೂರು ತಿಂಗಳಿಗೊಮ್ಮೆ, ಮಧ್ಯಾಹ್ನದ ಬಿಡುವಿನಲ್ಲಿ, ಒಬ್ಬೊಬ್ಬರೊಡನೆ ಹತ್ತು ನಿಮಿಷ ಸಾಕು. ಓದುವ ಹುಡುಗನಿಗೆ ಬೆಳಗಿನ ಪಾಳಿ ಕೊಟ್ಟರೆ ಸಂಜೆಯ ಚಹಾ ಹೊತ್ತಿಗೂ ತರಗತಿಗೂ ಜಗಳವಿರುವುದಿಲ್ಲ. ಸ್ವಂತ ಹೋಟೆಲು ಇಡಬೇಕೆನ್ನುವವನಿಗೆ ಸಾಮಾನು ಖರೀದಿಯ ಲೆಕ್ಕ ಕೊಡಿ. ಎರಡು ವರ್ಷಕ್ಕೆ ಅವನು ಹೋಗಬಹುದು, ಆ ಎರಡು ವರ್ಷ ನಿಮ್ಮ ಉಗ್ರಾಣ ಸೋರುವುದಿಲ್ಲ.

ಊರಿಗೆ ಹೋಗುವ ರಜೆಯ ಜಗಳ ಪ್ರತಿವರ್ಷದ್ದು. ಚೌತಿಗೆ ಕೆಲವರು, ದೀಪಾವಳಿ ಮುಗಿದ ಕೂಡಲೇ ಛಠ್ ಪೂಜೆಗೆ ಕೆಲವರು. 2024ರ ನವೆಂಬರ್ 1ರಿಂದ ರೈಲು ಮುಂಗಡ ಕಾದಿರಿಸುವಿಕೆ 120ರ ಬದಲು 60 ದಿನ ಮೊದಲು ತೆರೆಯುತ್ತದೆ. ಆದ್ದರಿಂದ ರಜೆಯ ಪಟ್ಟಿ ಪ್ರಯಾಣಕ್ಕೆ 70 ದಿನ ಮೊದಲೇ ಗೋಡೆಯ ಮೇಲಿರಬೇಕು, ಒಂದೇ ಕೆಲಸದ ಇಬ್ಬರು ಒಟ್ಟಿಗೆ ಹೋಗುವಂತಿಲ್ಲ. ಟಿಕೆಟ್ ಸಿಗದವನು ಹೇಳದೆ ಕೇಳದೆ ಹೊರಡುತ್ತಾನೆ, ಕೆಲವೊಮ್ಮೆ ಮರಳುವುದೇ ಇಲ್ಲ.

ಕೆಲಸದವನ ಆಸ್ಪತ್ರೆ ಬಿಲ್ಲು ಕಟ್ಟಿದೆವೆಂದು ಹೇಳಿಕೊಳ್ಳುವವರಿಗೂ ಒಂದು ಮಾತು. ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಅನ್ವಯಿಸುವ ಹೋಟೆಲಿನಲ್ಲಿ 16,000 ರೂ. ಸಂಬಳಕ್ಕೆ ಧಣಿಯ ಪಾಲು ಶೇ. 3.25ರಂತೆ 520 ರೂ., ಕೆಲಸದವನದು ಶೇ. 0.75ರಂತೆ 120 ರೂ. ಇದನ್ನು ತಪ್ಪದೆ ಕಟ್ಟಿದರೆ ಅವನು ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಾಗಿಲ್ಲ.

ಸಂಪಾದಕರೇ, ತಮ್ಮಲ್ಲೊಂದು ಬೇಡಿಕೆ. ಉದ್ಯಮಿಗಳ ಸಾಧನೆಯ ಲೇಖನ ಪ್ರಕಟಿಸುವಾಗ ತಮ್ಮ ವರದಿಗಾರರು ಎಷ್ಟು ಶಾಖೆ, ಎಷ್ಟು ಪ್ರಶಸ್ತಿ ಎಂದು ಕೇಳುತ್ತಾರೆ. ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಲಿ: ದಿನಕ್ಕೆ ಎಷ್ಟು ಜನ ಬೇಕು, ಪಟ್ಟಿಯಲ್ಲಿ ಎಷ್ಟು ಹೆಸರಿದೆ? ಉತ್ತರವನ್ನು ಹಾಗೆಯೇ ಅಚ್ಚು ಮಾಡಿ, ಭಾಗಾಕಾರವನ್ನು ಓದುಗರು ಮಾಡಿಕೊಳ್ಳುತ್ತಾರೆ.

– ಹೋಟೆಲ್ ಲೆಕ್ಕಪತ್ರ ನೋಡುವ ಕೆಲವು ಓದುಗರು, ಮಾಟುಂಗ, ಮುಂಬಯಿ