ಮಳೆ ಹಿಡಿಯುವ ಮುನ್ನ ಮನೆಯ ಉಗ್ರಾಣ ತುಂಬಿರಲಿ

ಮಾನ್ಯ ಸಂಪಾದಕರೇ,

ಮೇ ಕೊನೆಯ ವಾರದ ರೋಹಿಣಿ ಮಳೆ ಹುಟ್ಟಲು ಇನ್ನು 15 ದಿನವೂ ಉಳಿದಿಲ್ಲ. ನಾನು ಮದುವೆಯಾಗಿ ಹೊಸನಗರ ತಾಲ್ಲೂಕಿನ ಈ ಊರಿಗೆ ಬಂದ ಕಾಲದಲ್ಲಿ, ಈ ಹೊತ್ತಿಗೆ ಪ್ರತಿ ಮನೆಯ ಅಂಗಳದಲ್ಲೂ ಹಲಸಿನಕಾಯಿ ಹಪ್ಪಳ, ಬಾಳಕದ ಮೆಣಸು, ಸಾರಿನ ಹುಳಿಗೆಂದು ಸೀಳಿದ ವಾಟೆಕಾಯಿ ಒಣಗುತ್ತಿದ್ದವು. ಉಪ್ಪಿನಕಾಯಿಯ ಎಳೆಮಾವು ಅಪ್ಪೆಮಿಡಿ ಉಪ್ಪಿನಲ್ಲಿ ಮುರುಟಿ ಭರಣಿ ಸೇರುತ್ತಿತ್ತು, ಹಲಸಿನ ಸೊಳೆ ಉಪ್ಪುನೀರಿಗೆ ಬೀಳುತ್ತಿತ್ತು, ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು, ಸೌದೆ ಕೊಟ್ಟಿಗೆ ಮಾಡಿನವರೆಗೂ ತುಂಬುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಪೇಟೆಯ ಮುಖ ನೋಡಲಾಗುವುದಿಲ್ಲ ಎಂದು ಎಲ್ಲರೂ ಮೊದಲೇ ತಿಳಿದು ಸಂಸಾರ ನಡೆಸುತ್ತಿದ್ದರು. ಈಗ ನಮ್ಮ ಸುತ್ತಿನ ಬಹುಪಾಲು ಮನೆಗಳಲ್ಲಿ ವಾರಕ್ಕಾಗುವಷ್ಟು ತೊಗರಿಬೇಳೆಯೂ ಇರುವುದಿಲ್ಲ. ಈ ಬದಲಾವಣೆಯ ಕುರಿತು ನಿಮ್ಮ ಪತ್ರಿಕೆಯ ಮೂಲಕ ಮಲೆನಾಡಿನ ಓದುಗರೊಂದಿಗೂ, ಕೊನೆಯಲ್ಲಿ ಆಡಳಿತದೊಂದಿಗೂ ನಾಲ್ಕು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ರಸ್ತೆ ಬಂದದ್ದು, ಕರೆಂಟ್ ಬಂದದ್ದು, ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಅದರಲ್ಲೂ ಹೆಣ್ಣುಮಕ್ಕಳ ಮೈ ನೋವು ಎಷ್ಟು ಕಡಿಮೆಯಾಯಿತೆಂಬುದನ್ನು ನಾನು ಅನುಭವಿಸಿ ಬಲ್ಲೆ. ಲಿಂಗನಮಕ್ಕಿ ಹಿನ್ನೀರಿನಿಂದ ದ್ವೀಪದಂತಾಗಿದ್ದ ತುಮರಿ ಭಾಗದ ಜನ ದಶಕಗಳ ಕಾಲ ಲಾಂಚ್ ನಂಬಿ ಬದುಕಿದ್ದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದಾಗ ಅವರು ಪಟ್ಟ ಸಂತೋಷದಲ್ಲಿ ನಾವೆಲ್ಲರೂ ಪಾಲುದಾರರು. ಆದರೆ ರಸ್ತೆ ಬಂದಿತೆಂದು ಮಳೆ ಕಡಿಮೆಯಾಗಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ, ಮತ್ತು ಇದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ನಾಲ್ಕೇ ತಿಂಗಳಲ್ಲಿ. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಗಳು ಹಿಡಿದು ಕೂತಾಗ ಘಾಟಿಯಲ್ಲಿ ಧರೆ ಕುಸಿಯುತ್ತದೆ, ಲೈನಿನ ಮೇಲೆ ಮರ ಬೀಳುತ್ತದೆ, ಹಳ್ಳದ ಕಿರುಸೇತುವೆ ಮುಳುಗುತ್ತದೆ. ಹಿಂದಿನವರಿಗೆ ದಾರಿ ಮುಚ್ಚುವುದು ಪ್ರತಿವರ್ಷದ ಮಾತಾಗಿತ್ತು, ಆದ್ದರಿಂದ ಮನೆ ಸಿದ್ಧವಾಗಿರುತ್ತಿತ್ತು. ನಮಗೆ ಅದು ಕೆಲವು ವರ್ಷಗಳಿಗೊಮ್ಮೆ ಬರುವ ಸಂಗತಿಯಾಗಿದೆ, ಆದ್ದರಿಂದಲೇ ಬಂದಾಗ ಮನೆ ಬರಿದಾಗಿರುತ್ತದೆ.

2019ರ ಆಗಸ್ಟ್‌ನಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದೇ. ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ ಆ ವಾರ, ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಹೋಗುವ ಮಣ್ಣುದಾರಿಯ ಮೇಲೆ ಗುಡ್ಡ ಜಾರಿ ಬಂತು. ಅದೇ ರಾತ್ರಿ ಮೂರು ಕಂಬ ಉರುಳಿ ಕರೆಂಟ್ ಹೋಯಿತು. ಮರಳಿ ಬಂದದ್ದು ಎಂಟನೆಯ ದಿನ. ಸ್ವಂತ ಗದ್ದೆಯ ಅಕ್ಕಿ ಇದ್ದುದರಿಂದ ಅನ್ನಕ್ಕೆ ತೊಂದರೆಯಾಗಲಿಲ್ಲ. ಆದರೆ ಬೇಳೆ ಎರಡು ದಿನಕ್ಕೆ ಮುಗಿಯಿತು, ಮೂರನೆಯ ದಿನ ಗ್ಯಾಸ್ ಮುಗಿಯಿತು. ಎರಡು ವರ್ಷದ ಹಿಂದೆಯಷ್ಟೇ ವಾಹನ ನಿಲ್ಲಿಸಲು ಜಾಗ ಬೇಕೆಂದು ಸೌದೆ ಕೊಟ್ಟಿಗೆ ಕಿತ್ತಿದ್ದೆವು. ಹೊರಗೆ ಇದ್ದ ನಾಲ್ಕು ಸೌದೆ ಕುಂಟೆ ನೆನೆದು ಹೊಗೆಯನ್ನಷ್ಟೇ ಕೊಟ್ಟವು. ಬಾವಿಯಲ್ಲಿ ಕೈಗೆಟಕುವಷ್ಟು ನೀರಿತ್ತು, ಆದರೆ ಮೋಟಾರು ಕೂರಿಸಿದ ಮೇಲೆ ರಾಟೆಯನ್ನೂ ಹಗ್ಗವನ್ನೂ ತೆಗೆದುಹಾಕಿದ್ದೆವು. ಅತ್ತೆಯವರ ಇನ್ಸುಲಿನ್ ಫ್ರಿಜ್ಜಿನಲ್ಲಿತ್ತು, ಫ್ರಿಜ್ಜು ಸತ್ತಿತ್ತು. ಆಗ ನಮ್ಮನ್ನು ಕಾಪಾಡಿದ್ದು ಗುಡ್ಡದ ಆಚೆಬದಿಯ ಮನೆಯ ವೃದ್ಧ ದಂಪತಿ. ಎಪ್ಪತ್ತು ದಾಟಿದ ಆ ಅಮ್ಮ ಹಳೆಯ ಪದ್ಧತಿಯನ್ನು ಬಿಟ್ಟಿರಲಿಲ್ಲ. ಒಂದು ಹೊರೆ ಒಣಸೌದೆ, ಒಂದು ಭರಣಿ ಉಪ್ಪುಸೊಳೆ, ಹುರುಳಿಕಾಳು, ಬಾವಿಯ ಹಗ್ಗ ಇಷ್ಟನ್ನೂ ಅವರು ಕೊಟ್ಟ ಮೇಲೆ ನಮ್ಮ ಒಲೆ ಉರಿಯಿತು. ಪೇಟೆಗೆ ಹತ್ತಿರವಿದ್ದ ನಮಗಿಂತ, ಎರಡು ಮೈಲಿ ಒಳಗಿದ್ದ ಅವರ ಮನೆ ಆ ವಾರ ಹೆಚ್ಚು ಸುರಕ್ಷಿತವಾಗಿತ್ತು ಎಂಬುದನ್ನು ನಾನು ಮರೆತಿಲ್ಲ.

ಆ ವರ್ಷದಿಂದ ಮೇ ತಿಂಗಳ ಕೊನೆಯೊಳಗೆ ಕನಿಷ್ಠ 15 ದಿನದ ಸಾಮಾನು ಮನೆಯಲ್ಲಿ ಇರುವಂತೆ ನೋಡಿಕೊಳ್ಳುತ್ತಿದ್ದೇನೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಅಕ್ಕಿ ಎಂದು ಹಿಡಿದರೆ ನಾಲ್ವರ ಸಂಸಾರಕ್ಕೆ 24 ಕಿಲೋ ಬೇಕು. ಬೇಳೆಕಾಳು ಎಲ್ಲ ಸೇರಿ ನಾಲ್ಕೈದು ಕಿಲೋ ಸಾಕು. ಎಣ್ಣೆ, ಉಪ್ಪು, ಬೆಲ್ಲ, ಹುಣಸೆಹಣ್ಣು, ಹಾಲಿನ ಪುಡಿ, ಬೆಂಕಿಪೊಟ್ಟಣ ಇವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಬಹಳ ಮಂದಿ ಮರೆಯುವ ಒಂದು ಸಂಗತಿಯನ್ನು ಒತ್ತಿ ಹೇಳಬೇಕು: ಕರೆಂಟ್ ಇಲ್ಲದ ಮನೆಯಲ್ಲಿ ಮಿಕ್ಸಿ ತಿರುಗುವುದಿಲ್ಲ, ಊರಿನ ಗಿರಣಿಯೂ ನಡೆಯುವುದಿಲ್ಲ. ಡಬ್ಬಿ ತುಂಬ ಅಕ್ಕಿ, ಉದ್ದು, ಗೋಧಿ ಇದ್ದರೂ ದೋಸೆಯಾಗಲೀ ಚಪಾತಿಯಾಗಲೀ ಆಗುವುದಿಲ್ಲ. ಆದ್ದರಿಂದ ರುಬ್ಬದೆ, ಬೀಸದೆ ಮಾಡಬಹುದಾದ ಅಡುಗೆಯನ್ನು ಮೊದಲೇ ಲೆಕ್ಕ ಹಾಕಿ ಸಾಮಾನು ಹೊಂದಿಸಬೇಕು. ಅವಲಕ್ಕಿ, ಹುರಿದ ರವೆ, ಕುಟ್ಟಿದ ಸಾರಿನ ಪುಡಿ, ಒಂದೆರಡು ಕಿಲೋ ಅಕ್ಕಿಹಿಟ್ಟು, ಗಂಜಿಗೆ ಕುಚ್ಚಲಕ್ಕಿ, ಸಾರಿಗೆ ಹುರುಳಿ, ನಂಜಿಕೊಳ್ಳಲು ಉಪ್ಪಿನಕಾಯಿ ಇದ್ದರೆ ಫ್ರಿಜ್ಜೂ ಬೇಡ, ಮಿಕ್ಸಿಯೂ ಬೇಡ. ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ತೂಗಿಬಿಟ್ಟ ಸಾಂಬಾರ್ ಸೌತೆಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿದು ತರಕಾರಿಯ ಕೊರತೆ ನೀಗುತ್ತದೆ. ಹಿತ್ತಿಲಿನ ಕೆಸುವಂತೂ ಮಳೆ ಬಿದ್ದಷ್ಟೂ ಚಿಗುರುತ್ತದೆ.

ಸಾಮಾನು ತರುವುದಕ್ಕಿಂತ ಅದನ್ನು ಮಲೆನಾಡಿನ ಮಳೆಯಲ್ಲಿ ಉಳಿಸಿಕೊಳ್ಳುವುದು ಕಷ್ಟ. ಬಯಲುಸೀಮೆಯ ಒಣ ಹವೆಯಲ್ಲಿ ಮೂಟೆಯನ್ನು ಗೋಡೆಗೆ ಒರಗಿಸಿಟ್ಟರೂ ನಡೆದೀತು. ಇಲ್ಲಿ ಗೋಡೆಯೇ ಬೆವರುತ್ತದೆ, ಹರಳುಪ್ಪು ನೀರೊಡೆದು ಸೋರುತ್ತದೆ, ಮಡಿಸಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಧಾನ್ಯದ ತೇವ ಹೆಚ್ಚಿದಷ್ಟೂ ಕುಟ್ಟೆಹುಳವೂ ಬೂಷ್ಟೂ ಬೇಗ ಬರುತ್ತವೆ. ದಾಸ್ತಾನಿಗೆ ಇಡುವ ಭತ್ತದ ತೇವಾಂಶ ಶೇ 14ನ್ನು ಮೀರಬಾರದೆಂದು ಕೃಷಿ ತಜ್ಞರು ಹೇಳುವುದು ಇದಕ್ಕಾಗಿಯೇ. ನಮ್ಮ ಹಿರಿಯರ ಬಳಿ ತೇವ ಅಳೆಯುವ ಯಂತ್ರವಿರಲಿಲ್ಲ. ಕಾಳನ್ನು ಹಲ್ಲಿನಲ್ಲಿ ಕಚ್ಚಿ, 'ಕಟಕ್' ಎಂದು ಒಡೆದರೆ ಒಣಗಿತೆಂದು ತಿಳಿಯುತ್ತಿದ್ದರು. ಒಲೆಯ ಮೇಲಿನ ಅಟ್ಟವನ್ನು ಅವರು ಸುಮ್ಮನೆ ಕಟ್ಟಿಸಿರಲಿಲ್ಲ. ದಿನವೂ ಏರುವ ಬಿಸಿ ಮತ್ತು ಹೊಗೆ ಅಲ್ಲಿಟ್ಟ ಹುಣಸೆ, ಮೆಣಸು, ಬಿತ್ತನೆ ಬೀಜವನ್ನು ತೇವದಿಂದಲೂ ಹುಳದಿಂದಲೂ ಕಾಯುತ್ತಿದ್ದವು. ಗ್ಯಾಸ್ ಒಲೆಯ ಮನೆಯಲ್ಲಿ ಆ ಅಟ್ಟವಿಲ್ಲ, ಆದ್ದರಿಂದ ಬಿಸಿಲಿನ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಬೇಕು. ಬೇಳೆ, ಕಾಳು, ಮೆಣಸನ್ನು ಎರಡು ಒಳ್ಳೆಯ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಕೆಡುತ್ತದೆ. ತೊಗರಿಬೇಳೆಗೆ ಕೈಗಂಟುವಷ್ಟೇ ಹರಳೆಣ್ಣೆ ಸವರಿಟ್ಟರೆ ಹುಳ ಹತ್ತುವುದು ಕಡಿಮೆ. ರವೆಯನ್ನು ಹುರಿದೇ ಇಡಬೇಕು. ಅಂಗಡಿಯ ತೆಳು ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟ ಯಾವ ಸಾಮಾನೂ ಜೂನ್ ಕೊನೆಯ ಆರಿದ್ರಾ ಮಳೆ ಕಳೆಯುವವರೆಗೆ ಬಾಳುವುದಿಲ್ಲ. ಬೂಷ್ಟು ಬಂದ ಶೇಂಗಾವನ್ನು ತೊಳೆದು ಒಣಗಿಸಿ ತಿನ್ನುವವರನ್ನು ನೋಡಿದ್ದೇನೆ. ಆ ಬೂಷ್ಟಿನಿಂದ ಹುಟ್ಟುವ ವಿಷ ಯಕೃತ್ತಿಗೆ ಕೇಡು ಮಾಡುವಂಥದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ, ದಯವಿಟ್ಟು ಎಸೆಯಿರಿ. ಡಬ್ಬಿಯ ಮೇಲೆ ತಂದ ತಿಂಗಳನ್ನು ಬರೆದು, ಹಳೆಯದನ್ನು ಮೊದಲು ಬಳಸಿ, ಖಾಲಿಯಾದಷ್ಟನ್ನು ತುಂಬುತ್ತ ಹೋದರೆ ಒಂದು ಕಾಳೂ ಹಾಳಾಗುವುದಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಜನ ತೀರ ನಿರ್ಲಕ್ಷ್ಯ ತೋರುತ್ತಾರೆ. ಸುತ್ತಲೂ ನೀರೇ ಹರಿಯುತ್ತಿರುವಾಗ ಕುಡಿಯುವ ನೀರಿಗೆ ಕೊರತೆಯೆಂದರೆ ಯಾರೂ ನಂಬುವುದಿಲ್ಲ. ಆದರೆ ಹೊಳೆ ಏರಿದಾಗ ಬಾವಿಗೆ ರಾಡಿ ಸೇರುತ್ತದೆ, ಗುಡ್ಡದ ಅಬ್ಬಿಯಿಂದ ತಂದ ಪೈಪು ಕೊಚ್ಚಿಹೋಗುತ್ತದೆ, ನಗರದಲ್ಲಿ ನಲ್ಲಿ ನಿಲ್ಲುತ್ತದೆ. ಒಬ್ಬರಿಗೆ ದಿನಕ್ಕೆ ಕುಡಿಯಲೂ ಅಡುಗೆಗೂ ನಾಲ್ಕು ಲೀಟರಿನಂತೆ ಮೂರ್ನಾಲ್ಕು ದಿನದ ನೀರನ್ನು ಮುಚ್ಚಿದ ಪಾತ್ರೆಗಳಲ್ಲಿ ಹಿಡಿದಿಟ್ಟುಕೊಂಡು, ಆಗಾಗ ಬದಲಿಸುತ್ತಿರಬೇಕು. ರಾಡಿ ನೀರನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿಯೇ ಕುಡಿಯಬೇಕು. ಆದರೂ ಭೇದಿ ಹಿಡಿದರೆ ಆಸ್ಪತ್ರೆ ತಲುಪುವವರೆಗೆ ಕುಡಿಸಲು ಒಆರ್‌ಎಸ್ ಪೊಟ್ಟಣಗಳಿರಲಿ. ಅವೂ ಇಲ್ಲವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಅಳತೆಯನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿಡಿ. ಬಾವಿಗೆ ರಾಟೆಯೂ ಹಗ್ಗವೂ ಇರಲೇಬೇಕು. ಸೌದೆಗೆ ದೊಡ್ಡ ಕೊಟ್ಟಿಗೆ ಇಲ್ಲದವರು ಸೂರಿನಡಿ ಒಂದು ಹೊರೆಯನ್ನಾದರೂ ಒಣಗಿಸಿಟ್ಟು, ಮೂರು ಕಲ್ಲಿನ ಒಲೆಗೆ ಜಾಗ ನೋಡಿಟ್ಟುಕೊಳ್ಳಬೇಕು. ಚಳಿಗೆಂದು ಅಗ್ಗಿಷ್ಟಿಕೆಯ ಕೆಂಡವನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗುವುದು ಜೀವಕ್ಕೇ ಅಪಾಯ.

ರಕ್ತದೊತ್ತಡ, ಮಧುಮೇಹ, ಉಬ್ಬಸದ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಇನ್ಸುಲಿನ್ ಬಳಸುವವರಿದ್ದರೆ ಕರೆಂಟ್ ಹೋದಾಗ ಏನು ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಈಗ ನಾವು ಅದನ್ನು ನೀರು ತಾಗದಂತೆ ಕವರಿನಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿದ ಮಣ್ಣಿನ ಗಡಿಗೆಯೊಳಗೆ ಇಡುತ್ತೇವೆ.

ಶಿವಮೊಗ್ಗ, ತೀರ್ಥಹಳ್ಳಿಯಲ್ಲಿ ಹೊಳೆಯ ಅಂಚಿನ ತಗ್ಗಿನಲ್ಲಿರುವವರ ಕಷ್ಟ ಬೇರೆ ಬಗೆಯದು. ಅಲ್ಲಿ ನೆಲದ ಮೇಲಿಟ್ಟ ದಾಸ್ತಾನು ಒಂದೇ ರಾತ್ರಿಯಲ್ಲಿ ನೀರುಪಾಲಾಗುತ್ತದೆ, ಚರಂಡಿ ಬೆರೆತ ನೆರೆನೀರಿನಲ್ಲಿ ನೆನೆದ ಧಾನ್ಯ ಮತ್ತೆ ತಿನ್ನಲು ಬರುವುದಿಲ್ಲ. ಅವರು ಸಾಮಾನನ್ನು ಎತ್ತರದ ನಾಗಂದಿಗೆಯ ಮೇಲಿಟ್ಟು, ಮೂರು ದಿನದ ಅವಲಕ್ಕಿ, ಬೆಲ್ಲ, ನೀರು, ಔಷಧಿ, ಟಾರ್ಚು ಮತ್ತು ಕಾಗದಪತ್ರಗಳನ್ನು ಹೊತ್ತುಕೊಂಡು ಹೊರಡಬಹುದಾದ ಒಂದೇ ಚೀಲದಲ್ಲಿ ಸಿದ್ಧವಾಗಿಡಬೇಕು.

ಹೀಗೆ ಎಲ್ಲರೂ ಕೂಡಿಡಲು ಹೊರಟರೆ ಅಂಗಡಿ ಬರಿದಾಗಿ ಬಡವರಿಗೆ ಸಿಗದೆ ಹೋಗುವುದಿಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಕಾಲ ನೋಡಿ ಸ್ವಲ್ಪಸ್ವಲ್ಪವಾಗಿ ಕೂಡಿಡುವುದು ಬೇರೆ, ಹೆದರಿ ಒಂದೇ ದಿನ ಬಾಚಿಕೊಳ್ಳುವುದು ಬೇರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಸುದ್ದಿ ಬಂದಾಗ ಮುಗಿಬಿದ್ದು ಕೊಂಡವರು ಮನೆಯಲ್ಲಿ ಏನೂ ಇಟ್ಟುಕೊಳ್ಳದಿದ್ದವರು. ಕಷ್ಟಪಟ್ಟವರು ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ತರುವವರು. ಯುಗಾದಿಯಿಂದಲೇ ವಾರಕ್ಕೆ ಅರ್ಧ ಕಿಲೋ ಬೇಳೆ, ಒಂದು ಪ್ಯಾಕೆಟ್ ಉಪ್ಪು ಎಂದು ಸೇರಿಸುತ್ತ ಬಂದ ಮನೆಯು ರೆಡ್ ಅಲರ್ಟ್ ಘೋಷಣೆಯಾದ ದಿನ ಅಂಗಡಿಯ ಮುಂದೆ ಸಾಲು ನಿಲ್ಲಬೇಕಾಗಿಲ್ಲ, ಆ ಸಾಲಿನಲ್ಲಿ ಕೂಲಿಯವರಿಗೆ ಅಷ್ಟು ಜಾಗ ಉಳಿಯುತ್ತದೆ. ಅನುಕೂಲವಿರುವವರು ಒಂಟಿ ವೃದ್ಧರಿರುವ ನೆರೆಮನೆಯ ಪಾಲನ್ನೂ ತಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ. ಮಕ್ಕಳೆಲ್ಲ ಬೆಂಗಳೂರು ಸೇರಿ ತಂದೆತಾಯಿ ಮಾತ್ರ ಉಳಿದ ಮನೆಗಳು ನಮ್ಮಲ್ಲಿ ಎಷ್ಟಿವೆಯೆಂದು ನಿಮಗೂ ತಿಳಿದಿದೆ.

ಆದರೆ ಮಳೆಗಾಲದಲ್ಲಿ ಕೂಲಿಯೇ ಇಲ್ಲದ ಮನೆಗೆ ಕೂಡಿಡಿ ಎಂದು ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಅಲ್ಲಿ ಉಗ್ರಾಣ ತುಂಬಬೇಕಾದದ್ದು ಪಡಿತರದಿಂದ. ಗುಡ್ಡದ ಊರುಗಳಲ್ಲಿ ಜುಲೈ ತಿಂಗಳೆಂದರೆ ನ್ಯಾಯಬೆಲೆ ಅಂಗಡಿಗೆ ಲಾರಿ ಬರುವುದು ತಡವಾಗುತ್ತದೆ. ಬಂದರೂ ಕರೆಂಟ್ ಮತ್ತು ನೆಟ್‌ವರ್ಕ್ ಇಲ್ಲದೆ ಹೆಬ್ಬೆಟ್ಟಿನ ಯಂತ್ರ ಕೆಲಸ ಮಾಡದೆ, ಹಳ್ಳ ದಾಟಿ ಬಂದವರು ಬರಿಗೈಯಲ್ಲಿ ಮರಳುತ್ತಾರೆ. 2025ರ ಮಳೆಗಾಲಕ್ಕೆ ಮುಂಚೆ ಕೇಂದ್ರದ ಆಹಾರ ಇಲಾಖೆಯು ಆಗಸ್ಟ್‌ವರೆಗಿನ ಮೂರು ತಿಂಗಳ ಪಡಿತರವನ್ನು ಮುಂಗಡವಾಗಿ ಹಂಚುವಂತೆ ರಾಜ್ಯಗಳಿಗೆ ತಿಳಿಸಿತ್ತು. ಮಲೆನಾಡಿನ ಮಟ್ಟಿಗೆ ಇದು ಪ್ರತಿವರ್ಷ ತಾನಾಗಿಯೇ ನಡೆಯುವ ಪದ್ಧತಿಯಾಗಬೇಕು. ಹೊಸನಗರ, ತೀರ್ಥಹಳ್ಳಿ ಮತ್ತು ಸಾಗರ ತಾಲ್ಲೂಕುಗಳ ಘಟ್ಟದಂಚಿನ ಊರುಗಳಿಗೆ ಜೂನ್, ಜುಲೈ, ಆಗಸ್ಟ್ ತಿಂಗಳ ಪಡಿತರ ಮೇ ತಿಂಗಳೊಳಗೆ ತಲುಪಲಿ. ಯಂತ್ರ ಕೈಕೊಟ್ಟ ದಿನ ಪುಸ್ತಕದಲ್ಲಿ ಸಹಿ ಪಡೆದು ಅಕ್ಕಿ ಕೊಡಲು ಅಂಗಡಿಯವರಿಗೆ ಸ್ಪಷ್ಟ ಲಿಖಿತ ಅನುಮತಿ ಇರಲಿ. ಜೊತೆಗೆ ಪ್ರತಿ ಮನೆಗೂ ಮುಚ್ಚಳವಿರುವ ಒಂದು ಡಬ್ಬಿಯನ್ನು ಗ್ರಾಮ ಪಂಚಾಯಿತಿ ಕೊಡಲಿ, ಏಕೆಂದರೆ ಸೋರುವ ಮಾಡಿನ ಕೆಳಗೆ ಮೂರು ತಿಂಗಳ ಅಕ್ಕಿಯನ್ನು ಗೋಣಿಚೀಲದಲ್ಲಿ ಉಳಿಸಿಕೊಳ್ಳಲು ಯಾರಿಂದಲೂ ಆಗದು. ಜಿಲ್ಲಾಡಳಿತವು ರೋಹಿಣಿ ಮಳೆ ಹುಟ್ಟುವುದರೊಳಗೆ ಈ ಬಗ್ಗೆ ಆದೇಶ ಹೊರಡಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಓರ್ವ ರೈತ ಗೃಹಿಣಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ