ಮೊದಲು ಬಿಲ್ಲಿನಲ್ಲಿರುವ ಹೆಸರು, ಆಮೇಲೆ ಸೋಲಾರ್ ಪ್ಯಾನೆಲ್

ನಮ್ಮ ಅಂಗಡಿಯ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಕೆಲಸದ ರೀತಿ ಬದಲಾಗುತ್ತಿದೆ. ಕರೆಂಟ್ ಬಿಲ್ ಯಾರ ಹೆಸರಿನಲ್ಲಿದೆ ಎಂದು ನೋಡದೆ, ಹಿಂದಿನ ಹನ್ನೆರಡು ತಿಂಗಳ ಬಿಲ್ ಕೂಡಿಸಿ ಲೆಕ್ಕ ಹಾಕದೆ ಇನ್ನು ಮುಂಗಡ ಹಣ ತೆಗೆದುಕೊಳ್ಳುವುದಿಲ್ಲ. ತಾರಸಿಗೆ ಪ್ಯಾನೆಲ್ ಹತ್ತಿಸುವ ಮಾತಂತೂ ಆಮೇಲೆ. ಇದರಿಂದ ಕೆಲಸ ಶುರುವಾಗುವುದು ತಡವಾಗುತ್ತದೆ, ಕೆಲವರಿಗೆ ಬೇಜಾರೂ ಆಗಬಹುದು. ಅದಕ್ಕೇ ಕಾರಣ ಹೇಳಿಬಿಡುತ್ತೇವೆ.

ಕಳೆದ ವರ್ಷ ಶಿವಮೊಗ್ಗದ ಒಂದು ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿದೆವು. ಮೊದಲ ದಿನ ಹೋದಾಗ ಆ ಮನೆಯ ಅಮ್ಮ ಅಡುಗೆಮನೆ ಬಾಗಿಲ ಹಿಂದೆ ನೇತುಹಾಕಿದ್ದ ತಂತಿಯಿಂದ ಬಿಲ್‌ಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟರು. ನಾವು ಆರ್‌ಆರ್ ನಂಬರ್ ಬರೆದುಕೊಂಡೆವು. ಯೂನಿಟ್ ನೋಡಿದೆವು. ಹೆಸರು ನೋಡಲಿಲ್ಲ. ಅದು ಅವರ ಮಾವನವರ ಹೆಸರು, ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಬಿಲ್ ತಿಂಗಳು ತಿಂಗಳು ಅವರ ಹೆಸರಿಗೇ ಬರುತ್ತಿತ್ತು, ಇವರು ಕಟ್ಟುತ್ತಿದ್ದರು, ಯಾರಿಗೂ ತೊಂದರೆ ಇರಲಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಹೀಗೇ ಇದೆ ಅಲ್ವಾ? ಮನೆಗಳಿಗೆ 10 ಕಿಲೋವ್ಯಾಟ್‌ವರೆಗೆ ಕರೆಂಟ್ ಕಂಪನಿಯ ತಾಂತ್ರಿಕ ಒಪ್ಪಿಗೆ ತಾನಾಗಿಯೇ ಸಿಗುವುದರಿಂದ ನಮಗೂ ಎಲ್ಲ ಸಲೀಸು ಅನ್ನಿಸಿತು. ಪ್ಯಾನೆಲ್ ಹತ್ತಿತು, ಇನ್ವರ್ಟರ್ ಗೋಡೆಗೆ ಕೂತಿತು, ಲೈನಿನಿಂದ ಬರುವ, ಲೈನಿಗೆ ಹೋಗುವ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಹಂತಕ್ಕೆ ಬಂದಾಗ ಕಾಗದ ಅಲ್ಲೇ ನಿಂತಿತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತೆ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ, ಅದರಲ್ಲಿ ಒಬ್ಬರು ಇರುವುದು ಮುಂಬೈಯಲ್ಲಿ. ಎಲ್ಲ ಮುಗಿಯುವಷ್ಟರಲ್ಲಿ ನಾಲ್ಕು ತಿಂಗಳು. ಅದೂ ಜನವರಿಯಿಂದ ಏಪ್ರಿಲ್, ನಮ್ಮ ಕಡೆ ಒಳ್ಳೇ ಬಿಸಿಲಿನ ಕಾಲ. ಆ ಅಮ್ಮ ಒಂದು ದಿನವೂ ದನಿ ಏರಿಸಲಿಲ್ಲ. "ಬಿಸಿಲು ಸುಮ್ನೆ ಹೋಗ್ತಿದೆಯಲ್ಲಪ್ಪಾ" ಅಂದರು ಅಷ್ಟೇ. ತಪ್ಪು ಪೂರ್ತಿ ನಮ್ಮದು. ಹೆಸರಿನ ಸಾಲು ಬಿಲ್ಲಿನಲ್ಲಿ ಮೇಲೆಯೇ ಇತ್ತು.

ಹಾಗಾಗಿ ಇನ್ನು ಮುಂದೆ ಹೆಸರು ಬದಲಾವಣೆ ಆಗಬೇಕಿದ್ದರೆ ಅದೇ ಮೊದಲ ಕೆಲಸ. ನಾವೆಲ್ಲ ಇನ್ನೂ ಕೆಇಬಿ ಅಂತಲೇ ಕರೆಯುವ ಆಫೀಸಿಗೆ ನಮ್ಮ ಹುಡುಗರು ನಿಮ್ಮ ಜೊತೆ ಬರುತ್ತಾರೆ. ಅದಕ್ಕೆ ನಾವು ದುಡ್ಡು ಕೇಳುವುದಿಲ್ಲ. ಸಬ್ಸಿಡಿ ಬೀಳುವ ಬ್ಯಾಂಕ್ ಖಾತೆಯೂ ಅದೇ ಹೆಸರಿನಲ್ಲಿ ಇರಲಿ.

ಎರಡನೇ ಬದಲಾವಣೆ ದರಪಟ್ಟಿಯದು. ಇಷ್ಟು ದಿನ ನಾವು "ಸಬ್ಸಿಡಿ ಕಳೆದು ಇಷ್ಟು" ಅಂತ ಬರೆಯುತ್ತಿದ್ದೆವು. ಇನ್ನು ಪೂರ್ತಿ ಬೆಲೆಯನ್ನೇ ಬರೆಯುತ್ತೇವೆ. ಯಾಕಂದರೆ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಬ್ಸಿಡಿ ನಮ್ಮ ಕೈಗೆ ಬರುವುದಿಲ್ಲ, ಎಲ್ಲ ಮುಗಿದು ನೆಟ್ ಮೀಟರ್ ಚಾಲೂ ಆದಮೇಲೆ ನೇರ ನಿಮ್ಮ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ಅಷ್ಟೂ ಹಣ ನೀವೇ ಹೊಂದಿಸಬೇಕು, ಇಲ್ಲವೇ ಬ್ಯಾಂಕಿನಿಂದ ಸಾಲ ತೆಗೆಯಬೇಕು. ಸಬ್ಸಿಡಿ ಎಷ್ಟೆಂದರೆ, ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಸಬ್ಸಿಡಿ ಅಷ್ಟೇ. ಸಬ್ಸಿಡಿ ಸಿಗಬೇಕಾದರೆ ಪ್ಯಾನೆಲ್ ಮತ್ತು ಅದರೊಳಗಿನ ಸೆಲ್ ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಯಾರಾದರೂ ತೀರಾ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಮೊದಲು ಇದನ್ನೇ ಕೇಳಿ.

ಈ 78,000ದ ಆಸೆಗೆ ಎಲ್ಲರೂ 3 ಕಿಲೋವ್ಯಾಟ್ ಕೇಳುತ್ತಾರೆ. ನಾವೂ ಇಷ್ಟು ದಿನ ಹೂಂ ಅಂದಿದ್ದೇವೆ. ಇನ್ನು ಹಾಗಿಲ್ಲ. ಒಂದು ಕಿಲೋವ್ಯಾಟ್ ಒಳ್ಳೇ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ಆಷಾಢ ಶ್ರಾವಣದ ಜಡಿಮಳೆಯಲ್ಲಿ ಅದರ ಅರ್ಧ ಬಂದರೆ ಹೆಚ್ಚು. ತಿಂಗಳಿಗೆ 220 ಯೂನಿಟ್ ಉರಿಸುವ ಮನೆಗೆ 2 ಕಿಲೋವ್ಯಾಟ್ ಧಾರಾಳ ಸಾಕು. ಮಿಕ್ಕಿದ ಕರೆಂಟ್ ಲೈನಿಗೆ ಕೊಡಬಹುದು ನಿಜ, ಆದರೆ ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಯವರಿಗೆ ನಮ್ಮ ಸಲಹೆ ಒಂದೇ: ಸದ್ಯಕ್ಕೆ ಬೇಡ. ವ್ಯಾಪಾರ ತಪ್ಪುತ್ತದೆ, ತಪ್ಪಲಿ. ಬಾರದ ಬಿಲ್ ಉಳಿಸಲಿಕ್ಕೆ ಲಕ್ಷಗಟ್ಟಲೆ ಯಾಕೆ ಹಾಕಬೇಕು? ಲಾಭ ಇರುವುದು 200 ಯೂನಿಟ್ ದಾಟಿ ಇಡೀ ಬಿಲ್ ಕಟ್ಟುತ್ತಿರುವವರಿಗೆ. ಅವರಿಗೂ ಬಿಲ್ ಸೊನ್ನೆಗೆ ಇಳಿಯುವುದಿಲ್ಲ, ನಿಗದಿತ ಶುಲ್ಕ ಇದ್ದೇ ಇರುತ್ತದೆ.

ಇನ್ನೊಂದು ವಿಷಯ, ಇದನ್ನು ನಾವು ಮೊದಲೇ ಗಟ್ಟಿಯಾಗಿ ಹೇಳಬೇಕಿತ್ತು. ಬ್ಯಾಟರಿ ಇಲ್ಲದ ಈ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ನೆತ್ತಿ ಮೇಲೆ ಬಿಸಿಲಿದ್ದರೂ ಅಷ್ಟೇ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತ ಇನ್ವರ್ಟರ್ ತಾನಾಗಿ ಆಫ್ ಆಗುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳವರು ಅದಕ್ಕೇ ಅಂತ ಸೋಲಾರ್ ಹಾಕಿಸುವುದಾದರೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು. ಖರ್ಚು ಜಾಸ್ತಿ, ಬ್ಯಾಟರಿಗೆ ಅಂತ ಸಬ್ಸಿಡಿ ಏರುವುದಿಲ್ಲ.

ತಾರಸಿ ನೋಡಲಿಕ್ಕೂ ಇನ್ನು ಒಂದು ಸಲ ಬಂದು ಹೋಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಮತ್ತೆ ಮೂರೂವರೆಗೆ ನೆರಳು ಎಲ್ಲಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಪಕ್ಕದ ಮನೆಯ ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸಾಲಿನಲ್ಲಿರುವ ಬೇರೆಯವನ್ನೂ ಎಳೆದು ಕೂರಿಸುತ್ತದೆ. ಮಂಗಗಳ ಕಾಟ ಇರುವ ಕಡೆ ವೈರ್ ಪೂರ್ತಿ ಪೈಪಿನೊಳಗೇ ಹೋಗುತ್ತದೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ.

ಬೆಲೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿ 12 ಇದ್ದದ್ದು 5 ಪರ್ಸೆಂಟ್ ಆಗಿದೆ. ಉಳಿದ ಅಷ್ಟೂ ಹಣ ನಿಮ್ಮ ದರಪಟ್ಟಿಯಲ್ಲೇ ಕಾಣುತ್ತದೆ. ಯೋಜನೆ 2026-27ರವರೆಗೆ ಇದೆ, ಹೆಸರು ಬದಲಾವಣೆಗೆ ಎರಡು ಮೂರು ತಿಂಗಳು ಹಿಡಿಯಬಹುದು. ಬಿಲ್ ಇನ್ನೂ ಅಪ್ಪನ, ಅಜ್ಜನ ಹೆಸರಿನಲ್ಲಿದ್ದರೆ ಕಾಗದದ ಕೆಲಸ ಈಗಲೇ ಶುರು ಮಾಡಿ, ಸೋಲಾರ್ ಹಾಕಿಸುವುದು ಆಮೇಲೆ ಯೋಚಿಸಿದರೂ ಆಗುತ್ತದೆ.

ಈಗಾಗಲೇ ಮುಂಗಡ ಕೊಟ್ಟಿರುವವರು ಗಾಬರಿ ಆಗಬೇಡಿ. ಹಳೇ ಲೆಕ್ಕದಲ್ಲಿ 3 ಕಿಲೋವ್ಯಾಟ್ ಬರೆಸಿ ಈಗ 2 ಸಾಕು ಅನ್ನಿಸಿದರೆ ಬದಲಾಯಿಸುತ್ತೇವೆ. ಬೇಡವೇ ಬೇಡ ಅನ್ನಿಸಿದರೆ ಹಣ ಪೂರ್ತಿ ವಾಪಸ್. ಅಂಗಡಿಗೆ ಬರುವಾಗ ಒಂದು ವರ್ಷದ ಬಿಲ್ ತನ್ನಿ. ಬಿಡಿಸಿಕೊಂಡು ಕೂರಬೇಡಿ, ತಂತಿ ಸಮೇತ ತಂದರೂ ಆಯಿತು.