ಸಾಂ ವೆರಾಂ ಹಳ್ಳಿಗೆ ಹೊರಡುವ ಮುನ್ನ
ಸದಸ್ಯರ ಗಮನಕ್ಕೆ: ನಾವು ತಂಗಲಿರುವ ಸಾಂ ವೆರಾಂ, ಆಗ್ನೇಯ ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವೆ ಸುಮಾರು 2,040 ಮೀಟರ್ ಎತ್ತರದಲ್ಲಿರುವ ಪುಟ್ಟ ಹಳ್ಳಿಯಾದ್ದರಿಂದ, ಬೇಸಿಗೆಯಾದರೂ ರಾತ್ರಿಗೆ ಸ್ವೆಟರ್ ತಪ್ಪದೆ ತನ್ನಿ. ಇಲ್ಲಿನ ಹಳೆಯ ಮನೆಗಳ ಕೆಳಭಾಗ ಕಲ್ಲಿನದು, ಹುಲ್ಲು ಮತ್ತು ಪೈರು ಒಣಗಿಸುತ್ತಿದ್ದ ಮೇಲಿನ ಅಟ್ಟ ಲಾರ್ಚ್ ಮರದ ದಿಮ್ಮಿಗಳದು. ಹಿಂದೆ ಚಳಿಗಾಲದಲ್ಲಿ ದನಕರುಗಳ ಮೈಬಿಸಿಯನ್ನೇ ನಂಬಿ ಮನೆಮಂದಿಯೂ ಅವುಗಳೊಂದಿಗೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ಸೂರ್ಯಗಡಿಯಾರಗಳನ್ನು ಬಿಸಿಲಿರುವಾಗಲೇ ನೋಡಿಬಿಡಿ. ಬೀದಿಯ ಮರದ ನೀರುತೊಟ್ಟಿಗಳಲ್ಲಿ ದಯವಿಟ್ಟು ಕೈಕಾಲು ತೊಳೆಯಬೇಡಿ. ಪ್ರವಾಸಿಗರ ವಾಹನಗಳನ್ನು ಊರಂಚಿನಲ್ಲೇ ನಿಲ್ಲಿಸಬೇಕಾದ್ದರಿಂದ ಸಾಮಾನು ಹಗುರವಾಗಿರಲಿ (ಚಕ್ರದ ಸೂಟ್‌ಕೇಸ್ ಎಳೆದು ಏರು ಹತ್ತುವುದು ಬರೀ ಪೇಚಾಟ). ಹುಲ್ಲುಗಾವಲಿಗೆ ಇಳಿದು ಫೋಟೊ ತೆಗೆಯುವಂತಿಲ್ಲ. ಕೊಯ್ಲಿಗೆ ಬಿಟ್ಟ ಆ ಹುಲ್ಲೇ ದನಗಳಿಗೆ ಚಳಿಗಾಲದ ಮೇವು.